ಮುಂಬಾಗಿಲ ಬಣ್ಣ: ಬಿಸಿಲು ನೋಡಿ, ಡಬ್ಬಿ ಓದಿ

ಮಾನ್ಯ ಸಂಪಾದಕರೇ,

ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಚಿತ್ರದುರ್ಗದಲ್ಲಿ ಹಲವರು ಮುಂಬಾಗಿಲಿನ ಬಣ್ಣವನ್ನು ಅಂಗಡಿಯ ಶೇಡ್ ಕಾರ್ಡ್‌ನ ಪುಟ್ಟ ಚೌಕ ನೋಡಿ ನಿರ್ಧರಿಸುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನು ಯೋಚಿಸುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಕಡುಗಂದು ಅಥವಾ ಕಪ್ಪು ಬಳಿದರೆ ಅದು ನಮ್ಮ ಬಯಲುಸೀಮೆಯ ಬೇಸಿಗೆಯ ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ಬಣ್ಣದ ಪದರ ಬೇಗ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಅಲ್ಲಿ ಕೆನೆಬಣ್ಣ, ತಿಳಿಹಸಿರು ಅಥವಾ ಬೂದುನೀಲಿ ಲೇಸು. ಜಗಲಿಯ ನೆರಳಿರುವ ಬಾಗಿಲಿಗೆ ಗಾಢ ಬಣ್ಣವೂ ಬಾಳುತ್ತದೆ. ಸಾಗುವಾನಿ ಬಾಗಿಲನ್ನು ಬಣ್ಣದಿಂದ ಮುಚ್ಚುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಪಾಲಿಶ್ ಸಾಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹೊಸಿಲಿಗೆ ಅರಿಶಿನದ ಬದಲು ಹಳದಿ ಎನಾಮಲ್ ಬಳಿಯುವ ರೂಢಿ ಈಗ ಸಾಮಾನ್ಯವಾಗಿದೆ. ಹಳದಿ, ಕಿತ್ತಳೆ, ಕೆಂಪು ಎನಾಮಲ್‌ಗಳಿಗೆ ಹೊಳಪು ಕೊಡಲು ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು; ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಹಾನಿಕರ. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರೂಪಿಸಿದೆ. ಆದ್ದರಿಂದ ಡಬ್ಬಿಯ ಮೇಲಿನ ಸೀಸದ ವಿವರ ಓದಿಯೇ ಕೊಳ್ಳಬೇಕು. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸದೆ, ನೀರು ಹಾಕಿ ಉಜ್ಜುವ ಎಮರಿ ಕಾಗದ ಬಳಸುವಂತೆ ಪೇಂಟರ್‌ಗಳಿಗೆ ಹೇಳಬೇಕು. ಆ ಹೊತ್ತಿನಲ್ಲಿ ಮಕ್ಕಳನ್ನು, ಗರ್ಭಿಣಿಯರನ್ನು ದೂರವಿಡಬೇಕು.

– ಒಬ್ಬ ಓದುಗ, ಚಿತ್ರದುರ್ಗ