ಕಡಾಯಿ ಮತ್ತೆ ಕುದಿಯಿತು: ಉಪ್ಪಿನ ಋಣದ ನಾಲ್ಕು ಮಾತು

ನಮ್ಮ ಪುಟ್ಟ ಸಂಗ್ರಹಾಲಯದ ದೊಡ್ಡ ಕಡಾಯಿಯ ದುರಸ್ತಿ ಮುಗಿದು, ಒರತೆಯ ನೀರಿನಿಂದ ಮೊದಲ ಉಪ್ಪು ಇಳಿಯಿತು. ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ. ಬರೀ ಧನ್ಯವಾದ ಹೇಳಿ ಕೈತೊಳೆದುಕೊಂಡರೆ ಯಾರ ಕೆಲಸದಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ. ಅದಕ್ಕೇ ಈ ವಿವರ.

ಮೊದಲ ನಮಸ್ಕಾರ ಕಮ್ಮಾರರ ತಂಡಕ್ಕೆ. ಕಡಾಯಿ 4 ಮೀಟರ್ ಉದ್ದ, 3 ಮೀಟರ್ ಅಗಲ. ಕಬ್ಬಿಣದ ತಗಡುಗಳಿಗೆ ರಿವೆಟ್ ಹೊಡೆದು ಜೋಡಿಸಿದ್ದು. ಬೆಂಕಿ ಹಾಕಿದಾಗ ಅಷ್ಟುದ್ದದ ಕಬ್ಬಿಣ ಹತ್ತಿರ ಹತ್ತಿರ 5 ಮಿಲಿಮೀಟರ್ ಹಿಗ್ಗುತ್ತದೆ. ಹಿಂದೊಮ್ಮೆ ಅಂಚನ್ನು ಇಟ್ಟಿಗೆ ಗೋಡೆಗೆ ಸಿಮೆಂಟಿನಿಂದ ಬಿಗಿದಿದ್ದರಿಂದ, ಹಿಗ್ಗಲು ಜಾಗವಿಲ್ಲದೆ ತಳ ಉಬ್ಬಿ ಸಂದುಗಳು ಬಾಯಿಬಿಟ್ಟಿದ್ದವು. ಈ ತಂಡ ಸಿಮೆಂಟನ್ನೆಲ್ಲ ಕೆತ್ತಿ ತೆಗೆದು, ಕಡಾಯಿಯನ್ನು ಗೋಡೆಯ ಮೇಲೆ ಬಿಗಿಯದೆ ಕೂರಿಸಿ, ಸುತ್ತ ಬೆರಳಗಲ ಜಾಗ ಬಿಟ್ಟಿತು. ವೆಲ್ಡಿಂಗ್ ಮಾಡಿದ್ದರೆ ಬೇಗ ಮುಗಿಯುತ್ತಿತ್ತು. ಆದರೂ ಕೆಂಪಗೆ ಕಾಯಿಸಿದ ರಿವೆಟ್ಟನ್ನೇ ಹೊಡೆದರು. ಆರುವಾಗ ಅದು ಕುಗ್ಗಿ ಎರಡೂ ತಗಡುಗಳನ್ನು ಎಳೆದು ಕಚ್ಚಿಸುತ್ತದೆ.

ತಳದ ಹೊಪ್ಪಳೆ ಎಬ್ಬಿಸಿದ ಹುಡುಗ ಹುಡುಗಿಯರ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಒರತೆ ನೀರಿನಲ್ಲಿ ಜಿಪ್ಸಮ್ ಇರುತ್ತದೆ, ಉಪ್ಪಿಗಿಂತ ಮೊದಲು ಅದೇ ತಳ ಹಿಡಿಯುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಸೌದೆ ದಂಡವಾಗುವುದು ಹಾಗಿರಲಿ, ಕೆಳಗಿನ ತಗಡು ವಿಪರೀತ ಕಾದು ಸೊಟ್ಟಗಾಗುತ್ತದೆ. ಉಳಿಯನ್ನು ಓರೆ ಹಿಡಿದು, ಒಂದೂ ರಿವೆಟ್ಟಿನ ತಲೆ ಹಾರಿಸದೆ ಕೆತ್ತಿದ್ದೀರಿ.

ಮುಳ್ಳುಗೋಡೆಗೆ, ಎಂದರೆ ಒರತೆ ನೀರನ್ನು ಗಾಳಿಗೊಡ್ಡಿ ಗಟ್ಟಿ ಮಾಡಲು ಮುಳ್ಳುಕಡ್ಡಿ ಪೇರಿಸಿದ ಗೋಡೆಗೆ, ಕಂತೆ ಕಟ್ಟಿದವರನ್ನು ಎಷ್ಟು ನೆನೆದರೂ ಸಾಲದು. ನಮ್ಮ ಒರತೆಯದು ತೆಳು ನೀರು, ನೂರಕ್ಕೆ 6 ಭಾಗ ಉಪ್ಪು. ಹಾಗೇ ಕುದಿಸಿದರೆ 1 ಕಿಲೋ ಉಪ್ಪಿಗೆ 15 ಕಿಲೋಗಿಂತ ಹೆಚ್ಚು ನೀರನ್ನು ಆವಿ ಮಾಡಬೇಕು. ಕಂತೆಗಳ ಮೇಲೆ ಹನಿಹನಿಯಾಗಿ ಮತ್ತೆ ಮತ್ತೆ ಇಳಿಸಿ ಗಾಳಿಗೆ ಬಿಟ್ಟು 20 ಭಾಗಕ್ಕೆ ಏರಿಸಿದರೆ 4 ಕಿಲೋ ಸಾಕು. ಸುಣ್ಣ, ಜಿಪ್ಸಮ್‌ಗಳೂ ಬಹುಪಾಲು ಮುಳ್ಳಿಗೇ ಕಲ್ಲಿನಂತೆ ಅಂಟಿಕೊಳ್ಳುತ್ತವೆ. ಮಳೆ ಬಂದರೆ ಮಾತ್ರ ಪಂಪು ನಿಲ್ಲಿಸಲೇಬೇಕು, ಗಟ್ಟಿಯಾದದ್ದು ಮತ್ತೆ ತೆಳುವಾಗುತ್ತದೆ.

ಸೌದೆ ಕೊಟ್ಟವರಿಗೆ ಒಂದು ಮಾತು. ಈ ಕಸುಬಿನಲ್ಲಿ ನೀರಿಗಿಂತ ಸೌದೆಗೇ ಬರ. ಫ್ರಾನ್ಸಿನ ಸಾಲ್ಯಾಂ ಊರಿನ ಸುತ್ತ ಸೌದೆ ಸಾಲದಾದಾಗ, 18ನೇ ಶತಮಾನದಲ್ಲಿ ಅಲ್ಲಿನ ಉಪ್ಪುನೀರನ್ನೇ 21 ಕಿಲೋಮೀಟರ್ ಕೊಳವೆಯಲ್ಲಿ ಕಾಡಿನ ಪಕ್ಕದ ಆರ್ಕ್-ಎ-ಸನಾಂಗೆ ಹರಿಸಿದರು. ನೀವು ಸೌದೆಯನ್ನೇ ನಮ್ಮ ಬಾಗಿಲಿಗೆ ತಂದಿರಿ, ಅದೂ ಚೆನ್ನಾಗಿ ಒಣಗಿಸಿ.

ಕುದಿಸುವ ಹದ ತಿಳಿದ ಹಿರಿಯರು ಒಲೆಯ ಪಕ್ಕ ನಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಕಹಿ ಉಪ್ಪೇ ಸಿಗುತ್ತಿತ್ತು. ಕೊಳೆ ತೆಗೆಯಲು ಮೊಟ್ಟೆಯ ಬಿಳಿಯನ್ನು ನೀರು ಉಗುರುಬೆಚ್ಚಗಿರುವಾಗಲೇ ಕದಡಿಸಿದರು; ಕುದಿಯುವ ನೀರಿಗೆ ಹಾಕಿದರೆ ತಕ್ಷಣ ಗಂಟಾಗಿ, ಕೊಳೆ ಹಿಡಿಯದೆ ತೇಲುತ್ತದೆ. ನೊರೆ ತೆಗೆದು, ಹರಳು ಕಾಣಿಸುತ್ತಲೇ ಬೆಂಕಿ ತಗ್ಗಿಸಿದರು. ಕೊತಕೊತ ಕುದಿದರೆ ಪುಡಿ ಉಪ್ಪು, ನಿಧಾನವಾಗಿ ಕಾದರೆ ದಪ್ಪ ಹರಳು. ಒಲೆ ಆರಿಸಿ ತಣ್ಣಗಾಗಲು ಬಿಟ್ಟರೆ ಉಪ್ಪು ತಾನೇ ಬೀಳುತ್ತದಲ್ಲ ಎಂದು ನೋಡಲು ಬಂದವರಲ್ಲಿ ಹಲವರು ಕೇಳಿದರು. ಬೀಳುವುದು ತೀರ ಕಡಿಮೆ: 100 ಗ್ರಾಂ ಕುದಿಯುವ ನೀರು 39 ಗ್ರಾಂ ಉಪ್ಪು ಹಿಡಿದರೆ, ತಣ್ಣೀರೂ 36 ಗ್ರಾಂ ಹಿಡಿಯುತ್ತದೆ. ನೀರು ಆವಿಯಾಗಿ ಹೋಗಲೇಬೇಕು.

ಆದರೆ ಪೂರ್ತಿ ಬತ್ತಿಸಬಾರದು. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಲವಣ ಸೇರಿಕೊಂಡಿರುತ್ತದೆ; ಅದು ಬೆರೆತ ಉಪ್ಪು ಗಾಳಿಯ ತೇವ ಹೀರಿ ಸದಾ ಒದ್ದೆ. ಅದನ್ನು ಬೇರೆ ಮಾಡಿ, ಉಪ್ಪನ್ನು ಮರದ ಹಲಗೆಯಿಂದ ಗೋರಿ ಬುಟ್ಟಿಗೆ ತುಂಬಿದ್ದೇವೆ.

ಬುಟ್ಟಿಗಳು ಇನ್ನೂ ತೊಟ್ಟಿಕ್ಕುತ್ತಿವೆ. ನಿಮ್ಮ ನಿಮ್ಮ ಪೊಟ್ಟಣ ಒಣಗಿದ ಮೇಲೆಯೇ ಕೊಡುತ್ತೇವೆ. ಹಸಿಯಾಗಿ ಡಬ್ಬಿಗೆ ತುಂಬಿದರೆ ಒಂದೇ ಕಲ್ಲಾಗಿ ಕೂರುತ್ತದೆ.