ಮೊದಲು ನೀರಿನ ದಾರಿ ನೋಡು

ಚಿ. ಅಪ್ಪಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮಣ್ಣಿನ ಗೋಡೆಯ ಆ ಹಳೆಯ ಹೆಂಚಿನ ಮನೆಯ ಫೋಟೋಗಳೂ ನೀನು ಬರೆದ ರಿಪೇರಿ ಕೆಲಸದ ಪಟ್ಟಿಯೂ ಬಂದವು. ಕೈಯಲ್ಲಿರುವುದು ಆರು ಲಕ್ಷ. ಪಟ್ಟಿಯ ತಲೆಯಲ್ಲಿರುವುದು ವಿಟ್ರಿಫೈಡ್ ಟೈಲ್ಸ್, ಮಾಡ್ಯುಲರ್ ಕಿಚನ್, ಗೋಡೆಗೆಲ್ಲ ಪುಟ್ಟಿ. ಹೆಂಚಿನ ಕೆಲಸ ಕೊನೆಯ ಸಾಲಿನಲ್ಲಿದೆ. ಆ ಹಾಳೆಯನ್ನು ತಲೆಕೆಳಗು ಮಾಡಿ ಓದು. ಮನೆಯನ್ನು ಕೆಡಿಸಿರುವುದು ನೀರು: ಮೇಲಿಂದ ಒಡೆದ ಹೆಂಚಿನ ಸಂದಿಯಲ್ಲಿ, ಕೆಳಗಿಂದ ಹಿತ್ತಿಲ ದರೆಯ (ಕಡಿದಾದ ಮಣ್ಣಿನ ದಿಬ್ಬದ) ಕಡೆಯಿಂದ. ಅದರ ದಾರಿ ತಪ್ಪಿಸದೆ ಒಳಗೆ ಏನು ಹಾಕಿದರೂ ಬರುವ ಆರಿದ್ರಾ ಮಳೆಗೆ ಹೋಮ.

ಆರರಲ್ಲಿ ಒಂದು ಲಕ್ಷವನ್ನು ಈಗಲೇ ಬೇರೆ ಖಾತೆಗೆ ಹಾಕು. ಹೆಂಚು ಇಳಿಸುವ ತನಕ ಎಷ್ಟು ಮರ ಕೊಳೆತಿದೆಯೆಂದು ಯಾವ ಬಡಗಿಯೂ ಹೇಳಲಾರ. ಉಳಿದದ್ದರಲ್ಲಿ ಅರ್ಧ ಮಾಡಿಗೇ, ಅಂದರೆ ಹೆಂಚಿನ ಚಾವಣಿಗೇ ಹೋಗುತ್ತದೆ ಅಂದುಕೊ. ಇನ್ನೊಂದು ಮಾತು, ಮನೆಯ ಖಾತೆ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಒಂದು ಮೊಳೆ ಹೊಡೆಯುವ ಮೊದಲು ಪಾಲುದಾರರ ಸಹಿ ಆಗಲಿ. ರಿಪೇರಿಯಾದ ಮನೆಯ ಮೇಲೆ ಎಲ್ಲರಿಗೂ ಪ್ರೀತಿ ಹುಟ್ಟುತ್ತದೆ.

ದೀಪಾವಳಿ ಕಳೆದ ಮೇಲೆ ಹೆಂಚು ಇಳಿಸಲು ಶುರುಮಾಡು, ಶಿವರಾತ್ರಿಯೊಳಗೆ ಮಾಡು ಮುಚ್ಚಿರಲಿ. ಗೋಡೆಯ ಮಣ್ಣು ಒಣಗಲು ಮಾರ್ಚ್, ಏಪ್ರಿಲ್ ಬಿಸಿಲು ಬೇಕು. ಎರಡೂ ಇಳಿಜಾರಿನಿಂದ ಸಮನಾಗಿ ಇಳಿಸಲು ಹೇಳು. ಒಂದೇ ಬದಿ ಬರಿದು ಮಾಡಿದರೆ ಭಾರ ವಾಲಿ ಹಳೆಯ ಜೋಡಣೆಗಳು ಸಡಿಲುತ್ತವೆ. ಬಿಚ್ಚಿದ ಗೋಡೆಯ ನೆತ್ತಿಗೆ ಅವತ್ತೇ ಟಾರ್ಪಾಲು ಬೀಳಬೇಕು. ಮಣ್ಣಿನ ಗೋಡೆಗೆ ಪಕ್ಕದಿಂದ ತಾಗುವ ಮಳೆಗಿಂತ ನೆತ್ತಿಯಿಂದ ಇಳಿಯುವ ಒಂದು ಅಕಾಲ ಮಳೆ ಹೆಚ್ಚು ಕೇಡು.

ಹೆಂಚಿನ ಲೆಕ್ಕ ಹೀಗೆ. ಮನೆ 40 ಅಡಿಗೆ 30 ಅಡಿ, ಸುತ್ತ ಮೂರಡಿ ಸೂರು ಸೇರಿಸಿದರೆ 46ಕ್ಕೆ 36, ಅಂದರೆ 1,656 ಚದರಡಿ. ಇಳಿಜಾರು 30 ಡಿಗ್ರಿ ಇದ್ದರೆ 1.15ರಿಂದ ಗುಣಿಸು: ಸುಮಾರು 1,900. ನೂರು ಚದರಡಿಗೆ 140 ಮಂಗಳೂರು ಹೆಂಚಿನಂತೆ 2,660. ಹಳೆಯದನ್ನೆಲ್ಲ ಎಸೆಯಬೇಡ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟು. ಗಟ್ಟಿ ಹೆಂಚು ಕಂಚಿನ ಹಾಗೆ ನಾದ ಕೊಡುತ್ತದೆ, ಬಿರುಕಿದ್ದರೆ ಸದ್ದು ಬೊದ್ದು. ಪಾಚಿಯನ್ನು ಒಣಗಿಸಿ ಬ್ರಷ್‌ನಿಂದ ಉಜ್ಜಿದರೆ ಸಾಕು. ಕೊರತೆ ಬಿದ್ದಷ್ಟನ್ನು ಮನೆ ಕೆಡವುವವರ ಹತ್ತಿರ ಹಳೆಯದನ್ನೇ ಕೊಳ್ಳು, ಆದರೆ ಹೆಂಚಿನ ಅಡಿಯಲ್ಲಿರುವ ಕಾರ್ಖಾನೆಯ ಹೆಸರು ಓದಿ ಕೊಳ್ಳು. ಬೇರೆ ಬೇರೆ ಕಾರ್ಖಾನೆಯವು ಕಣ್ಣಿಗೆ ಒಂದೇ, ತೋಡಿಗೆ ತೋಡು ಕೂರುವುದಿಲ್ಲ. ಸೋರುವುದು ಆ ಕೂದಲೆಳೆ ಸಂದಿಯಲ್ಲೇ. ಬೆರಕೆ ತಪ್ಪದಿದ್ದರೆ ಒಂದು ಹೆಸರಿನವನ್ನೆಲ್ಲ ಒಂದು ಇಳಿಜಾರಿಗೆ, ಇನ್ನೊಂದನ್ನು ಕೊಟ್ಟಿಗೆಗೆ ಇಡು.

ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪಿನ ಅಂತರವನ್ನು ಬಡಗಿಯ ಬಾಯಿಲೆಕ್ಕಕ್ಕೆ ಬಿಡಬೇಡ. ಹತ್ತು ಹೆಂಚನ್ನು ನೆಲದ ಮೇಲೆ ಸಾಲಾಗಿ ಕೂಡಿಸಿ, ಒತ್ತಿ ಒಮ್ಮೆ, ಎಳೆದು ಒಮ್ಮೆ ಅಳೆ. ಎರಡರ ಸರಾಸರಿಯಿಂದ ಒಂದು ಹೆಂಚಿಗೆ ಬೀಳುವ ಅಂತರ ಸಿಗುತ್ತದೆ, ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು. ಕಾಲಿಂಚು ತಪ್ಪಿದರೂ ಹತ್ತು ಸಾಲಿಗೆ ಎರಡೂವರೆ ಇಂಚು ವ್ಯತ್ಯಾಸ ಬಂತು. ಇಷ್ಟು ಮಾಡಿಗೆ ಸುಮಾರು 1,850 ಅಡಿ ರೀಪು ಬೇಕು.

ರೀಪನ್ನು ಹೊರುವ ಇಳಿಜಾರು ಮರಗಳಾದ ಪಕಾಸುಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡು, ಅದರಲ್ಲೂ ಗೋಡೆಯ ಮೇಲೆ ಕೂರುವ ಜಾಗ ಮತ್ತು ಸೂರಿನ ತುದಿ. ನಡುಭಾಗ ಕಬ್ಬಿಣದಂತಿದ್ದು ತುದಿಯೊಂದೇ ಕೊಳೆತು ಲಡ್ಡಾಗಿರುವುದೇ ಹೆಚ್ಚು. ಅಂಥದ್ದಕ್ಕೆ ಇಡೀ ಪಕಾಸು ಬದಲಿಸುವುದು ದಂಡ. ಕೊಳೆತದ್ದನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಪಕ್ಕಕ್ಕೆ ಹೊಸ ತುಂಡನ್ನು ಕನಿಷ್ಠ ಮೂರಡಿ ಒತ್ತಾಗಿ ಇಟ್ಟು ಬೋಲ್ಟ್ ಬಿಗಿಸಲಿ. ಮೊಳೆ ಸಾಲದು. ತುದಿಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಹಚ್ಚಿಸು. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಯಾರೂ ಮುಟ್ಟುವುದು ಬೇಡ. ಹೆಂಚಿನಡಿಗೆ ಪ್ಲಾಸ್ಟಿಕ್ ಹಾಳೆ ಹಾಸೋಣ ಎಂಬ ಸಲಹೆ ಬಂದೇ ಬರುತ್ತದೆ. ಒಪ್ಪಬೇಡ. ಹೊಗೆ ಮೇಲೆ ಹೋಗಲಾರದು, ಹಬೆ ರೀಪಿನ ಮೇಲೇ ನೀರಾಗಿ ಕೂರುತ್ತದೆ. ಮಂಗನ ಕಾಟ ತಡೆಯಲಾಗದಷ್ಟಿದ್ದರೆ ತಗಡಿನ ಮಾತು ಬೇರೆ, ಆಗ ಸೆಕೆಗೂ ಮಳೆಯ ಸದ್ದಿಗೂ ತಯಾರಿರು.

ಇನ್ನು ಕೆಳಗೆ. ಹಿಂಬದಿಯಲ್ಲಿ ವರ್ಷಗಟ್ಟಲೆ ಮಣ್ಣು ಜರಿದು ಅಂಗಳ ಒಳನೆಲಕ್ಕಿಂತ ಎತ್ತರವಾಗಿದೆ, ಫೋಟೋದಲ್ಲೇ ಕಾಣುತ್ತದೆ. ಅದನ್ನು ಒಳನೆಲದಿಂದ ಒಂಬತ್ತು ಇಂಚು ಕೆಳಗಾಗುವಷ್ಟು ಕೆತ್ತಿಸು, ದರೆಯ ಬುಡಕ್ಕೆ ಚರಂಡಿ ಹೊಡೆಸಿ ನೀರನ್ನು ಪಕ್ಕಕ್ಕೆ ಹರಿಸು. ಗೋಡೆಯ ಬುಡವನ್ನೇ ಅಗೆಯಬೇಡ, ತಳಪಾಯ ಎಷ್ಟು ಆಳವಿದೆಯೋ ಮೊದಲು ಒಂದು ಮೂಲೆಯಲ್ಲಿ ನೋಡಿಕೊ. ಎರಡು ಆಳಿನ ವಾರದ ಕೂಲಿ ಇದು. ಇಷ್ಟಾದ ಮೇಲೆ ಅಡುಗೆಮನೆಯ ಗೋಡೆಯ ತೇವ ಅರ್ಧ ತಾನಾಗಿ ಇಳಿಯುತ್ತದೆ.

ಆ ಗೋಡೆಗೆ ಯಾರೋ ಸಿಮೆಂಟ್ ಗಿಲಾವು ಮಾಡಿದ್ದಾರೆ, ಅದಕ್ಕೇ ಹೊಪ್ಪಳಿಕೆಯಂತೆ ಎದ್ದು ಬರುತ್ತಿದೆ. ಮಣ್ಣು ತೇವ ಕುಡಿದು ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಆ ಬಾಗಿಲು ಮುಚ್ಚುತ್ತದೆ, ತೇವ ಒಳಗೇ ನಿಂತು ಗೋಡೆ ಹಿಟ್ಟಾಗುತ್ತದೆ. ಕೆರೆದು ತೆಗೆಸು. ಹೊಸ ಗಿಲಾವಿಗೆ ಮಣ್ಣು ಆರಿಸುವಾಗ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಇಡು. ತಳದಲ್ಲಿ ಮರಳು, ನಡುವೆ ಗೋಡು, ಮೇಲೆ ಜೇಡಿ ಪದರಗಟ್ಟುತ್ತದೆ. ಜೇಡಿ ಹೆಚ್ಚಿದ್ದರೆ ಒಣಗಿದಾಗ ಸೀಳುತ್ತದೆ. ಒಂದಡಿ ಚೌಕದಲ್ಲಿ ಬಳಿದು, ಸೀಳು ನಿಲ್ಲುವ ತನಕ ಮರಳು ಹೆಚ್ಚಿಸುತ್ತ ಹೋಗು. ನಾಲ್ಕು ಇಂಚಿಗೆ ಕತ್ತರಿಸಿದ ಭತ್ತದ ಹುಲ್ಲು ಬೆರೆಸಿ ಒಂದು ವಾರ ಕೊಳೆಹಾಕಿದರೆ ಹಿಡಿತ ಬರುತ್ತದೆ. ಹೊರಗೋಡೆಯಲ್ಲಿ ಮಳೆ ಸಿಡಿಯುವ ಕೆಳಗಿನ ಎರಡಡಿಗೆ ಮಾತ್ರ ಸುಣ್ಣ ಒಂದು, ಮರಳು ಮೂರರ ಗಾರೆ. ಬಣ್ಣಕ್ಕೆ ಸುಣ್ಣವೇ ಸಾಕು, ತೆಳ್ಳಗೆ ಮೂರು ಕೈ. ಪುಟ್ಟಿಯ ದುಡ್ಡು ಉಳಿಯಿತು.

ಬಚ್ಚಲು, ಪಾಯಿಖಾನೆಯನ್ನು ಮಣ್ಣಿನ ಗೋಡೆಗಳ ನಡುವೆ ತರಬೇಡ. ಹಿಂಬದಿಗೆ ಬೇರೆ ತಳಪಾಯದ ಮೇಲೆ ಬ್ಲಾಕಿನಲ್ಲಿ ಕಟ್ಟಿಸು, ಹಳೆಯ ಗೋಡೆಗೂ ಅದಕ್ಕೂ ಒಂದಿಂಚು ಬಿಡುವಿರಲಿ. ಹೊಸ ಕಟ್ಟಡ ನೆಲಕ್ಕೆ ಇಳಿದು ಕೂರುವ ಲೆಕ್ಕ ಬೇರೆ, ಬೆಸೆದರೆ ಬಿರುಕು ಖಚಿತ. ನಾಲ್ಕಿಂಚಿನ ಪೈಪಿಗೆ ನಲವತ್ತಡಿಗೆ ಒಂದಡಿ ಇಳಿಜಾರು.

ವಯರಿಂಗ್‌ನಲ್ಲಿ ಮಾತ್ರ ಹಳೆಯದನ್ನು ಉಳಿಸುವ ಆಸೆ ಬೇಡ. ದೀಪಕ್ಕೆ ಒಂದೂವರೆ, ಸಾಕೆಟ್‌ಗೆ ಎರಡೂವರೆ, ಗೀಸರ್‌ಗೆ ನಾಲ್ಕು ಚದರ ಮಿಲಿಮೀಟರ್ ತಾಮ್ರದ ತಂತಿ, ಸರಿಯಾದ ಅರ್ಥಿಂಗ್, ಜೊತೆಗೆ ಕರೆಂಟು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಗೋಡೆ ಕೊರೆಯದೆ ಮೇಲೇ ಕೇಸಿಂಗ್‌ನಲ್ಲಿ ಎಳೆಸು.

ಒರಲೆಗೆ (ಗೆದ್ದಲಿಗೆ) ನೆಲಕ್ಕೆ ವಿಷ ಹೊಯ್ಯಿಸುವ ಮಾತು ಬರೆದಿದ್ದೀಯ. ಬಾವಿ ಅಡುಗೆಮನೆಗೆ ಅಂಟಿಕೊಂಡೇ ಇದೆ, ಬೇಡವೇ ಬೇಡ. ಹುತ್ತದ ಸಾಲು ಕಂಡಲ್ಲಿ ಕೆರೆದು ತೆಗೆ, ಗೋಡೆಗೊರಗಿಸಿದ ಕಟ್ಟಿಗೆಯನ್ನು ಇವತ್ತೇ ದೂರ ಸಾಗಿಸು.

ಕಾವಿ ನೆಲಕ್ಕೆ ಈ ವರ್ಷ ಕೈ ಹಾಕಬೇಡ. ಒಂದು ಮಳೆಗಾಲ ಮನೆಯೊಳಗೆ ಇದ್ದು ನೋಡು, ಆಮೇಲೆ ಟೈಲ್ಸಿನ ಮಾತು.

ಬಡಗಿಗೆ ಮುಂಗಡ ಕೊಡುವ ಮೊದಲು ಏಣಿ ಹಾಕಿ ಹತ್ತಿ, ಬಡಗಣ ಸೂರಿನ ಪಕಾಸುಗಳ ತುದಿಯನ್ನು ಒಂದೊಂದಾಗಿ ಫೋಟೋ ತೆಗೆದು ಕಳಿಸು.

ಇಂತಿ,
ನಿನ್ನ ಸೋದರಮಾವ