ಕ್ಯಾನ್ಸರ್ ಮಾತ್ರೆ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಸಂಶೋಧನೆಯ ಪ್ರಗತಿಯ ಕುರಿತ ವರದಿಗಳು ಭರವಸೆ ಮೂಡಿಸುತ್ತವೆಯಾದರೂ ಅದರ ಫಲ ಮಲೆನಾಡಿನ ರೋಗಿಗಳಿಗೆ ಸುಲಭವಾಗಿ ದಕ್ಕುತ್ತಿಲ್ಲ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಹಿಂದೆ ಕೆಲವೇ ವರ್ಷಗಳಲ್ಲಿ ಜೀವ ತೆಗೆಯುತ್ತಿತ್ತು. ರೋಗದ ಮೂಲವಾದ ದೋಷಯುಕ್ತ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ನಂತರ, ಬಹುಪಾಲು ರೋಗಿಗಳು ದಿನವೂ ಮಾತ್ರೆ ನುಂಗುತ್ತ, ತೋಟ ಗದ್ದೆಯ ಕೆಲಸ ಮಾಡಿಕೊಂಡು ಬಹುಕಾಲ ಬಾಳುವುದು ಸಾಧ್ಯವಾಗಿದೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಕೋರಿಕೆಯನ್ನು ತಿರಸ್ಕರಿಸಿದ್ದರಿಂದ ದೇಶೀಯ ಕಂಪನಿಗಳ ಅಗ್ಗದ ಮಾತ್ರೆಯೂ ಉಳಿಯಿತು. ಬಡವರ ಪಾಲಿಗೆ ಅದು ದೊಡ್ಡ ತೀರ್ಪು.

ಆದರೆ ಈ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಮರುಕಳಿಸುವ ಅಪಾಯವಿದೆ. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಚಿಕ್ಕಪ್ಪನವರು ಇದಕ್ಕಾಗಿಯೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಕಳೆದ ಆಷಾಢದ ಮಳೆಗೆ ಮರ ಬಿದ್ದು ರಸ್ತೆ ಕಟ್ಟಿದಾಗ ಅವರು ಎಂಟು ದಿನ ಮಾತ್ರೆಯಿಲ್ಲದೆ ಕಳೆಯಬೇಕಾಯಿತು.

ತಜ್ಞರ ಚೀಟಿಯ ಆಧಾರದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ತಿಂಗಳ ಮಾತ್ರೆ ನೀಡಿ, ಮಳೆಗಾಲಕ್ಕೆ ಮುನ್ನ ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಟ್ಟು, ರಕ್ತದ ಮಾದರಿಯನ್ನು ಅಲ್ಲಿಯೇ ಪಡೆದು ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಕೂಡಲೇ ಮಾಡಬೇಕು.

– ಓದುಗ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ